ಎರಡು ಕರಿ ಟೋಪಿಗಳು

"ನನ್ನ ತಮ್ಮ ಅವಳ ದನೀನ ಕೊಂದುಬಿಟ್ಟ, ದೊಡ್ಡಮ್ಮ!" ಎನ್ನುತ್ತ ಕೆಳಮನೆಯ ಮೇಷ್ಟ್ರು ಹೊಸ್ತಿಲಲ್ಲೇ ಕುಸಿದರು.

ವಠಾರದಲ್ಲಿ ಏನು ಕಳೆದರೂ ಜನ ಹುಡುಕಿಕೊಂಡು ಬರುತ್ತಿದ್ದದ್ದು ಭೌತಶಾಸ್ತ್ರ ಕಲಿಸಿ ನಿವೃತ್ತರಾದ ದೊಡ್ಡಮ್ಮನನ್ನು. ಜೊತೆಗಿದ್ದ ತಂಗಿಯ ಮಗಳು ಟಾರ್ಚು ಹಿಡಿದು ಹಿಂದೆಯೇ ಇಳಿದಳು.

ವಿಷಯ ಅವಳಿಗೂ ಗೊತ್ತಿತ್ತು. ಮೇಷ್ಟ್ರ ಹೆಂಡತಿಯ ದನಿಪೆಟ್ಟಿಗೆಯನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದಿದ್ದರು. ಆಸ್ಪತ್ರೆಗೆ ಹೊರಡುವ ಮುನ್ನ ಮೇಷ್ಟ್ರ ಆಸೆಯಂತೆ ಆಕೆ ಚಿಲಕ ಹಾಕಿಕೊಂಡು ಕಂಪ್ಯೂಟರಿನಲ್ಲಿ ತನ್ನ ಮಾತು ರೆಕಾರ್ಡ್ ಮಾಡಿದ್ದಳು. ಇಂದು ಹಾಕಿದರೆ ಸ್ಪೀಕರಿನಿಂದ ಬರುತ್ತಿದ್ದದ್ದು ಬರೀ ಗುಂಯ್ ಎಂಬ ಸದ್ದು.

"ಅತ್ತಿಗೆ ಹಿಂದಕ್ಕೆ ಬಗ್ಗಬಾರದು ಅಂತ ಹೆಡ್‌ಫೋನು, ಮೈಕು ಎರಡರ ಜ್ಯಾಕೂ ಮುಂದೆ ಕೂರಿಸಿಕೊಟ್ಟೆ. ಅದೂ ತಪ್ಪಾ?" ಎಂದ ಕಂಪ್ಯೂಟರಿನ ಪಕ್ಕ ನಿಂತಿದ್ದ ತಮ್ಮ.

"ಅಳಿಸಿದ್ದೂ ನೀನೇ. ಇನ್ನು ಈ ಹೊಸ್ತಿಲು ತುಳೀಬೇಡ!" ಎಂದರು ಮೇಷ್ಟ್ರು.

ಮೂಲೆಯಲ್ಲಿ ಹೆಂಡತಿ ತಲೆ ತಗ್ಗಿಸಿ, ಕೆಂಪು ನೂಲಿನಲ್ಲಿ ರವಿಕೆಗೆ ಹುಕ್ಕು ಹೊಲಿಯುತ್ತಿದ್ದಳು.

ಕಂಪ್ಯೂಟರ್ ಪೆಟ್ಟಿಗೆಯ ಮುಚ್ಚಳ ಸಡಿಲವಾಗಿತ್ತು. ತಂಗಿಯ ಮಗಳು ಬೆಳಕು ಬಿಟ್ಟಳು. ಮುಂದಿನ ಜ್ಯಾಕುಗಳ ವೈರು ಮದರ್‌ಬೋರ್ಡಿನಿಂದ ಕಳಚಿ ನೇತಾಡುತ್ತಿತ್ತು. ಅದು ಕೂರಬೇಕಾದ ಮುಳ್ಳಿನಂಥ ಪಿನ್ನುಗಳ ಮೇಲೆ ಅಕ್ಕಿಕಾಳಿನಷ್ಟು ಪುಟ್ಟ ಎರಡು ಕರಿ ಟೋಪಿಗಳು. ಒಂದಕ್ಕೆ ಕೆಂಪು ಎಳೆ ಅಂಟಿತ್ತು.

"ಹಳೇ ಬೋರ್ಡು. ವೈರು ಕಿತ್ತರೆ ಮುಂದಿನ ಮೈಕಿನ ಜೊತೆ ಹಿಂದಿನ ಸ್ಪೀಕರೂ ಮೂಕ ಆಗುತ್ತೆ. ಈ ಟೋಪಿ ತೊಡಿಸಿದ್ರೇನೇ ಸ್ಪೀಕರಿಗೆ ಮತ್ತೆ ಮಾತು," ಎಂದ ತಮ್ಮ. "ವೈರು ಕೂರಿಸುವಾಗ ಇವನ್ನ ತೆಗೆದು, ಇದನ್ನೆಲ್ಲ ಹೇಳಿ, ಕಳೀಬೇಡಿ, ಬೇಕಾಗುತ್ತೆ ಅಂತ ಮನೇಲೇ ಬಿಟ್ಟುಹೋಗಿದ್ದೆ."

ದೊಡ್ಡಮ್ಮ ರೆಕಾರ್ಡನ್ನು ಕೊನೆಯವರೆಗೂ ಕೇಳಿ, ಮತ್ತೆ ಮೊದಲಿಂದ ಹಾಕಿ, ಎಲ್ಲರನ್ನೂ ಕೂರಿಸಿದರು.

"ಮೇಷ್ಟ್ರೇ, ಅಳಿಸಿದ್ರೆ ರೆಕಾರ್ಡೇ ಇರ್ತಿರಲಿಲ್ಲ. ಮಾತಾಡಿದ ಮೇಲೆ ವೈರು ಕಿತ್ತಿದ್ರೆ ಮಾತು ಉಳೀತಿತ್ತು. ಇಲ್ಲಿ ಮೊದಲಿಂದ ಕೊನೇವರೆಗೂ ಗುಂಯ್. ಅಂದ್ರೆ ಕಿತ್ತದ್ದು ಮಾತಿಗೆ ಮುಂಚೆ, ಚಿಲಕ ಹಾಕಿದ ಕೋಣೆಯೊಳಗೆ. ಟೋಪಿಗಳು ಹೊಲಿಗೆ ಡಬ್ಬಿಯಲ್ಲಿದ್ವು, ಎಳೆ ಸಾಕ್ಷಿ." ಆಕೆಯತ್ತ ತಿರುಗಿದರು. "ಮೈದುನನ ತಲೆಗೆ ಬರುತ್ತೆ ಅಂತ ನೀನು ಎಣಿಸಿರಲಿಲ್ಲ, ಅಲ್ವೇನಮ್ಮಾ?"

ಆಕೆ ಸ್ಲೇಟು ಎಳೆದುಕೊಂಡು ಗಂಡನಿಗೆ ಬರೆದಳು: "ಒಡೆದ ದನಿ. ನೀವು ಅದನ್ನೇ ಕೇಳ್ತಾ ಕೊರಗೋದು ಬೇಡ ಅನ್ನಿಸಿತು. ನಿಮ್ಮ ಆಸೆಗೆ ಇಲ್ಲ ಅನ್ನೋಕೂ ಆಗಲಿಲ್ಲ."

"ಮತ್ತೆ ಟೋಪಿ ಯಾಕೆ ತೊಡಿಸಿದೆ?" ಎಂದರು ಮೇಷ್ಟ್ರು.

ಬರೆದದ್ದನ್ನು ಸೆರಗಿನಿಂದ ಒರೆಸಿ ಮತ್ತೆ ಬರೆದಳು: "ಸ್ಪೀಕರಾದರೂ ಮಾತಾಡಲಿ. ಮನೆ ಪೂರ್ತಿ ಮೂಕ ಆಗಬಾರದು."

ಮೇಷ್ಟ್ರು ಸ್ಲೇಟನ್ನು ಕೈಗೆ ತೆಗೆದುಕೊಂಡರು.

"ಬಾಗಿಲ ಹೊರಗೇ ಇದ್ದೆ, ದೊಡ್ಡಮ್ಮ. ಏನೋ ಹೇಳ್ತಿದ್ಲು. ಆಮೇಲೆ ಹೇಗೂ ಕೇಳ್ತೀನಲ್ಲ ಅಂತ ತರಕಾರಿ ತರೋಕೆ ಹೋಗ್ಬಿಟ್ಟೆ."

ತಮ್ಮ ಮುಚ್ಚಳ ಕೂರಿಸಿ ಸ್ಕ್ರೂ ಬಿಗಿದ. ಅಣ್ಣ ತಲೆಯೆತ್ತಲಿಲ್ಲ. ರೆಕಾರ್ಡ್ ನಿಲ್ಲಿಸಲು ಕೈ ಚಾಚಿದ ತಂಗಿಯ ಮಗಳಿಗೆ, ಯಾಕೋ, ಒತ್ತಲು ಮನಸ್ಸಾಗಲಿಲ್ಲ. ಆಕೆ ಅಂದು ಮಾತಾಡಿದಷ್ಟು ಹೊತ್ತೂ ಸ್ಪೀಕರು ಗುಂಯ್ ಎನ್ನುತ್ತಲೇ ಇತ್ತು.