ನಾಯಿ ಬಾಚುವವಳು

"ಕತ್ತರಿ ಕೆಳಗಿಡ್ತೀರೋ ಇಲ್ವೋ?"

ಗಾವಡಗೆರೆಯ ಪಟೇಲರ ಮನೆ ಜಗಲಿಯ ಮೇಲೆ ಮಾಯಮ್ಮ ನಾಯಿಯನ್ನು ಎದೆಗೆ ಅವುಚಿಕೊಂಡು ಕೂತಿದ್ದಳು. ಎದುರಿಗೆ ಕುಕ್ಕರುಗಾಲಲ್ಲಿ ಕೂತಿದ್ದವನು ಮಿರ್ಲೆಯ ಸಣ್ಣಬೀರಯ್ಯ. ಕುರಿ ಉಣ್ಣೆ ಕತ್ತರಿಸುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಹೆಸರಾದವನು. ಅವನ ಕೈಯಲ್ಲಿದ್ದ ಕಬ್ಬಿಣದ ಕತ್ತರಿಯ ತುದಿ ಅವಳ ಮೂಗಿಗೆ ಒಂದೇ ಗೇಣು ದೂರದಲ್ಲಿತ್ತು.

ಅವನು ಕತ್ತರಿ ಇಡಲಿಲ್ಲ. ಅವಳನ್ನೇ ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ, ಬೈಯಲು ಬಾಯಿ ತೆರೆದಿದ್ದ ಮಾಯಮ್ಮನಿಗೆ ಬೈಗುಳವೇ ಮರೆತುಹೋಯಿತು!

"ನಾಯೀನ ಕುಯ್ಯಾಕ್ ಬಂದಿಲ್ಲ ಕಣವ್ವ. ಕೂದ್ಲು ಕತ್ತರ್ಸಾಕ್ ಬಂದಿವ್ನಿ, ಅಷ್ಟೇಯ."

"ದಿನಾ ಬಾಚ್ತೀನಿ ನಾನು! ಒಂದೇ ಒಂದು ಗಂಟಿದ್ರೆ ತೋರ್ಸಿ!"

ಅವನು ನಾಯಿಯ ಬೆನ್ನೊಳಗೆ ಬೆರಳು ತೂರಿಸಿ ಹುಡುಕಿದ. ಗಂಟಿರಲಿಲ್ಲ. ಉಣ್ಣಿಯೂ ಇರಲಿಲ್ಲ. "ನಿಜ ಕಣವ್ವ... ಇಂಥ ಕೂದ್ಲ ನಾನು ಕುರಿ ಮೈಯಲ್ಲೂ ಕಂಡಿಲ್ಲ" ಎಂದ, ಸಣ್ಣ ದನಿಯಲ್ಲಿ.

"ಮಾತಾಡಾಕ್ ಕರ್ಸಿದ್ನೇನ್ಲಾ ನಿನ್ನ?" ಬಾಗಿಲಿನಿಂದ ಪಟೇಲರ ಹೆಂಡತಿ ಕೆಂಪಾಜಮ್ಮನ ದನಿ ಬಂತು.

ಕೃಷ್ಣರಾಜನಗರದ ಹೊಸ ಪೇಟೆ ಕಟ್ಟಿ ಕೆಲವೇ ವರ್ಷಗಳಾಗಿದ್ದ ಕಾಲ ಅದು. ಕೊಡಗಿನ ಕಾಫಿ ತೋಟದ ಬಿಳಿ ದೊರೆಯೊಬ್ಬ ತನ್ನ ಸೀಮೆಗೆ ಹೊರಟಾಗ ಅವನ ಸಾಮಾನೆಲ್ಲ ಹುಣಸೂರಿನಲ್ಲಿ ಹರಾಜಾಯಿತು. ಪಟೇಲ ಮಂಚಯ್ಯ ಒಂದು ಆರಾಮಕುರ್ಚಿ ಕೊಂಡರು. ಕುರ್ಚಿಯ ಕೆಳಗೆ ಮಲಗಿದ್ದ ಬಿಳಿ ಜೂಲುನಾಯಿ ಯಾರು ಎಳೆದರೂ ಏಳಲಿಲ್ಲವಾಗಿ, ಅದೂ ಗಾಡಿ ಹತ್ತಿತು. ಹೆಸರು ಜಾಕಿ.

ಅಂದಿನಿಂದ ಜಾಕಿಯ ಚಾಕರಿ ಮಾಯಮ್ಮನದು. ಪಟೇಲರ ಕುರಿ ಕಾಯುತ್ತಿದ್ದ ಅವಳ ಅಪ್ಪ ಸತ್ತಾಗ ಅವಳಿಗೆ ಏಳು ವರ್ಷ. ಆಗಿನಿಂದ ಆ ಮನೆಯಲ್ಲೇ ಬೆಳೆದು, ಈಗ ಹತ್ತೊಂಬತ್ತು. ಕೊಟ್ಟಿಗೆ ಕೆಲಸಕ್ಕೆ, ಮುಸುರೆಗೆ ಬೇರೆಯವರಿದ್ದರು. ಮಾಯಮ್ಮ ನಾಯಿಗೆ ಸೀಗೆ ಹಚ್ಚಬೇಕು, ಬೇವಿನೆಣ್ಣೆ ಸವರಬೇಕು, ಬೆಳಿಗ್ಗೆ ಸಂಜೆ ಬಾಚಬೇಕು. ಅದಕ್ಕೆ ಅವಳಿಗೆ ಎರಡು ಹೊತ್ತು ಊಟ. ಆ ಮನೆಯಲ್ಲಿ ಅವಳ ಕೈ ನೆಕ್ಕುತ್ತಿದ್ದ ಜೀವ ಅದೊಂದೇ. ಮನುಷ್ಯರು ಅವಳನ್ನು ಕರೆಯುತ್ತಿದ್ದುದು ಕೆಲಸವಿದ್ದಾಗ ಮಾತ್ರ.

ಈಗ ಕೆಂಪಾಜಮ್ಮನಿಗೆ ಮಜ್ಜಿಗೆಯಲ್ಲಿ ಒಂದು ಕೂದಲು ಸಿಕ್ಕಿತ್ತು. ಅಷ್ಟು ಸಾಕಾಯಿತು.

"ಹಿಡ್ಕಳೇ ಅದ್ರ ತಲೆಯ!"

ಮಾಯಮ್ಮ ಹಿಡಿದಳು. ಕತ್ತರಿ ಕಚಕ್ ಕಚಕ್ ಎನ್ನತೊಡಗಿತು. ಎರಡು ವರ್ಷ ಬಾಚಿದ ಕೂದಲು ಅವಳ ಮಡಿಲಿಗೇ ಬಿತ್ತು. "ಏನಿಲ್ಲ ಕಣಪ್ಪ, ಏನಿಲ್ಲ..." ಎಂದು ಅವನು ಜಾಕಿಗೆ ಹೇಳುತ್ತಲೇ ಇದ್ದ. ಕಿವಿಯ ಹತ್ತಿರ ಬಂದಾಗ ಅವನ ಬೆರಳು ಅವಳ ಬೆರಳಿಗೆ ತಗುಲಿತು. ಅವಳು ಕೈ ಸರಿಸಲಿಲ್ಲ. ಸರಿಸಿದರೆ ನಾಯಿ ಕೊಸರುತ್ತದೆ... ಅದಕ್ಕೇ, ಅಷ್ಟಕ್ಕೇ ಎಂದು ತನಗೆ ತಾನೇ ಹೇಳಿಕೊಂಡಳು.

ಚರ್ಮದವರೆಗೂ ಬೋಳಿಸಿದ ಮೇಲೆ ಜಾಕಿ ಅರ್ಧ ನಾಯಿಯಾಗಿತ್ತು!

"ಆರು ತಿಂಗ್ಳಿಗೊಂದ್ ಸಲ ಇವ್ನು ಬಂದ್ರಾಯ್ತು, ಒಂದ್ ಕೊಳಗ ರಾಗಿ. ಇನ್ ಬಾಚಾಕ್ ಏನೈತೆ?" ಕೆಂಪಾಜಮ್ಮ ಹಲ್ಲು ಕಿರಿದಳು. "ಕೂದ್ಲೂ ಅರ್ಧ, ಅನ್ನಾನೂ ಅರ್ಧ. ನಾಳಿಂದ ನಿಂಗೆ ಒಂದೇ ಹೊತ್ತು ಕಣೇ. ಓಗು, ಕೂದ್ಲ ತಿಪ್ಪೆಗಾಕು."

ಮಾಯಮ್ಮ ಮಡಿಲು ಕಟ್ಟಿಕೊಂಡು ಹಿತ್ತಲಿಗೆ ಹೋದಳು. 'ಒಂದು ಕೊಳಗ ರಾಗಿಗೆ ನನ್ನ ಅನ್ನ ಕಿತ್ತುಕೊಂಡನಲ್ಲ ಪಾಪಿ...'

ಆಗಲೇ, ಇತ್ತ ಅವಳಿಗೆ ಕೇಳಿಸದ ಜಗಲಿಯಲ್ಲಿ, ಬೀರಯ್ಯ ಹೇಳಿದ್ದು: "ಅವ್ವಾರೇ, ಕುರಿ ಚರ್ಮ ಬ್ಯಾರೆ, ಇದ್ರ ಚರ್ಮ ಬ್ಯಾರೆ. ಹದಿನೈದ್ ದಿನ ಬಿಸ್ಲಿಗೆ ಕಟ್ಬ್ಯಾಡಿ. ಬೆಣ್ಣೆ ಸವ್ರಿ, ನೆಳ್ಳಾಗೇ ಇರ್ಲಿ."

"ಊಂ, ಊಂ" ಎಂದಳು ಕೆಂಪಾಜಮ್ಮ. ಪಕ್ಕದಲ್ಲಿ ಹಗ್ಗ ಹೊಸೆಯುತ್ತಿದ್ದ ಆಳು ನಂಜಣ್ಣನೂ ಕೇಳಿಸಿಕೊಂಡ.

*

ಪಟೇಲರ ಹಟ್ಟಿಯ ಕುರಿಗಳ ಉಣ್ಣೆ ತೆಗೆಯಲು ಬೀರಯ್ಯನಿಗೆ ಇನ್ನೂ ಮೂರು ದಿನದ ಕೆಲಸವಿತ್ತು. ಅವನಿಗೆ ಊಟ ಒಯ್ಯುವುದು ಮಾಯಮ್ಮನ ಪಾಲಿಗೆ ಬಂತು. ಹಸಿದವಳ ಕೈಯಲ್ಲಿ ಬಿಸಿ ಮುದ್ದೆ ಕಳಿಸುವುದರಲ್ಲಿ ಕೆಂಪಾಜಮ್ಮನಿಗೆ ಒಂದು ಸುಖವಿತ್ತು.

"ಉಂಡ್ಯಾ?" ಎಂದು ಕೇಳಿದ ಅವನು, ಎರಡನೆಯ ದಿನ.

"ನಿಮ್ ದಯದಿಂದ, ಒಂದೊತ್ತು."

ಅವನಿಗೆ ಅರ್ಥವಾಗಲಿಲ್ಲ. ನಂಜಣ್ಣನನ್ನು ಕೇಳಿ ತಿಳಿದುಕೊಂಡ. ಆಮೇಲೆ ಉಣ್ಣಲು ಕೂತವನು ಮುದ್ದೆಯನ್ನು ಮೊದಲು ಎರಡಾಗಿ ಮುರಿದ. 'ನಾಯಿ ಕೂದಲು ಎಂದುಕೊಂಡು ಕತ್ತರಿಸಿದ್ದು ಒಂದು ಹುಡುಗಿಯ ಅನ್ನವೇ?'

ಸಂಜೆ ಅವಳು ಜಾಕಿಯೊಡನೆ ಎಲೆ ಎತ್ತಲು ಬಂದಾಗ ಎಲೆಯ ಮೇಲೆ ಅರ್ಧ ಮುದ್ದೆ, ಸೊಪ್ಪಿನ ಸಾರು ಹಾಗೇ ಇತ್ತು.

"ಇದು ನಿಂಗೆ. ಎಂಜ್ಲಲ್ಲ, ಮೊದ್ಲೇ ಮುರ್ದಿಟ್ಟಿವ್ನಿ. ನಂಗೆ ಗೊತ್ತಿರ್ಲಿಲ್ಲ ಕಣೇ, ನಿನ್..."

ಮಾಯಮ್ಮ ಅವನ ಮುಖ ನೋಡುತ್ತಲೇ ಆ ಮುದ್ದೆಯನ್ನು ಜಾಕಿಯ ಮುಂದೆ ಹಾಕಿದಳು. ಜಾಕಿ ನುಂಗಿತು. ಅವಳ ಹೊಟ್ಟೆ ಗುರ್ರೆಂದಿದ್ದು ಇಬ್ಬರಿಗೂ ಕೇಳಿಸಿತು!

ಅವನು ತಲೆ ತಗ್ಗಿಸಿದ. ಅವಳು ತಿರುಗಿ ನಡೆದಳು. ಅವನಿಗೆ ನೋವಾಗಲಿ ಎಂದೇ ಮಾಡಿದ್ದಳು. ನೋವಾಯಿತು. ಆದರೆ ತನಗೇಕೆ ಅಳು ಬರುತ್ತಿದೆ ಎಂದು ಮಾತ್ರ ಅವಳಿಗೆ ತಿಳಿಯಲಿಲ್ಲ...

*

ಮೂರನೆಯ ದಿನ ಪಿರಿಯಾಪಟ್ಟಣದಿಂದ ಕೆಂಪಾಜಮ್ಮನ ನೆಂಟರು ಬಂದರು. ದೊರೆಯ ಕುರ್ಚಿ ಅಂಗಳಕ್ಕೆ ಬಂತು. ದೊರೆಯ ನಾಯಿಯನ್ನು ಕುರ್ಚಿಯ ಕಾಲಿಗೆ ಕೆಂಪಾಜಮ್ಮನೇ ಕಟ್ಟಿದಳು. ಮಾಯಮ್ಮನನ್ನು ಬಟ್ಟೆಗಂಟಿನೊಡನೆ ಕೆರೆಗೆ ಅಟ್ಟಲಾಗಿತ್ತು. ಶಿವರಾತ್ರಿ ಕಳೆದ ಬಿಸಿಲು. ನೆಂಟರು ನೋಡಿದರು, ನಕ್ಕರು, ಉಂಡರು, ಒಳಗೆ ಮಲಗಿದರು. ನಾಯಿಯನ್ನು ಬಿಚ್ಚುವುದು ಯಾರಿಗೂ ನೆನಪಾಗಲಿಲ್ಲ.

ಮಾಯಮ್ಮ ಬಂದು ನೋಡಿದಾಗ ಜಾಕಿಯ ಬೆನ್ನೆಲ್ಲ ಬೊಬ್ಬೆ. ಮುಟ್ಟಿದರೆ ಚರ್ಮ ಕೈಗೆ ಬರುತ್ತಿತ್ತು.

"ಅಯ್ಯೋ ಜಾಕೀ...!"

ಅವಳ ಕೂಗಿಗೆ ಬೀದಿಯೇ ಸೇರಿತು. ಹಟ್ಟಿಯಿಂದ ಬೀರಯ್ಯನೂ ಕತ್ತರಿ ಹಿಡಿದೇ ಓಡಿಬಂದ. ಪಟೇಲರಿಗೆ ಜನರೆದುರು ಅವಮಾನವಾದಂತಾಯಿತು. "ಯಾರ್ ತಪ್ಪಿದು?" ಎಂದು ಹೆಂಡತಿಯನ್ನು ಕೇಳಿದರು. ಅವರ ಪಟೇಲಿಕೆ ಹೊಸಿಲಿನ ಆಚೆಗೆ ಮಾತ್ರ ನಡೆಯುತ್ತಿತ್ತು.

ಕೆಂಪಾಜಮ್ಮ ಒಂದು ಕ್ಷಣವೂ ತಡೆಯಲಿಲ್ಲ. "ನಾಯಿ ಕಾಯೋಳು ಇವ್ಳಲ್ವಾ?" ಎಂದು ಬೀರಯ್ಯನ ಕಡೆ ತಿರುಗಿದಳು. "ಏನ್ಲಾ, ಬಿಸ್ಲಿಗೆ ಕಟ್ಬಾರ್ದು ಅಂತ ಏಳಿದ್ಯಾ ಈ ಮನೇಲಿ? ಏಳಿದ್ರೆ ತಪ್ಪು ಇವ್ಳುದು. ಈಗ್ಲೇ ಆಚೆಗ್ ನೂಕ್ತೀನಿ. ಏಳ್ದೆ ಇದ್ರೆ ತಪ್ಪು ನಿಂದು. ಬೊಗುಳು!"

ಬೀರಯ್ಯ ನಂಜಣ್ಣನ ಕಡೆ ನೋಡಿದ. ನಂಜಣ್ಣ ನೆಲ ನೋಡಿದ. ಬೀರಯ್ಯ ಮಾಯಮ್ಮನನ್ನು ನೋಡಿದ. ಒಣಗಿದ ತುಟಿ, ಒಳಗೆ ಹೋದ ಕೆನ್ನೆ. 'ಆಚೆ ನೂಕಿದರೆ ಎಲ್ಲಿಗೆ ಹೋಗುತ್ತಾಳೆ ಇವಳು?'

"ಇಲ್ಲ ಅವ್ವಾರೇ. ಏಳಾಕ್ ಮರ್ತೆ."

ಅವನು ಸುಳ್ಳು ಹೇಳುತ್ತಿದ್ದಾನೆಂದು ಕೆಂಪಾಜಮ್ಮನಿಗೆ ಗೊತ್ತು. ಯಾರಿಗಾಗಿ ಎಂಬುದೂ ಅವಳಿಗೆ ಆ ಗಳಿಗೆಯಲ್ಲೇ ಹೊಳೆಯಿತು. ಅವಳ ಕಣ್ಣು ಮಿನುಗಿತು.

"ಅಂಗಾದ್ರೆ ನಾಯಿಗಾದದ್ದು ನಿಂಗೂ ಆಗ್ಲಿ. ಮಾಯೀ, ಆ ಕತ್ತರಿ ತಕ್ಕ. ಇವ್ನ ಜುಟ್ಟು ಕತ್ತರ್ಸು. ಎಲ್ರೂ ನೋಡ್ಲಿ. ನಿನ್ ಕೈಲಿ ಆಗ್ದಿದ್ರೆ, ಆ ಒಂದೊತ್ತಿನ ಊಟಾನೂ ಇವತ್ತಿಗೇ ಕೊನೆ!"

ಓದುಗರೇ, ನಿಮ್ಮ ಮಾಯಮ್ಮ ಕತ್ತರಿ ಎಸೆಯಲಿಲ್ಲ. ಎತ್ತಿಕೊಂಡಳು! ಜಾಕಿಯ ಬೆನ್ನು ಕಣ್ಣ ಮುಂದಿತ್ತು, ಹೊಟ್ಟೆಯಲ್ಲಿ ಬೆಂಕಿಯಿತ್ತು. ಸುಳ್ಳೇಕೆ, ಅವನ ಜುಟ್ಟು ಕೈಗೆ ಬಂದಾಗ ಅವಳಿಗೆ ಖುಷಿಯೇ ಆಯಿತು.

ಅವನು ಮಂಡಿಯೂರಿ ಕೂತ. ಜನ ನಕ್ಕರು. ಮೊದಲ ಕಚಕ್ಕಿಗೆ ಜುಟ್ಟು ಧೂಳಿಗೆ ಬಿತ್ತು. ಕತ್ತರಿ ಅವಳ ಕೈಗೆ ಭಾರ. ಕಿವಿಯ ಹಿಂದೆ ರಕ್ತ ಬಂತು.

"ಮೆಲ್ಲುಗೆ..." ಎಂದ ಅವನು, ಅವಳಿಗೊಬ್ಬಳಿಗೇ ಕೇಳುವಂತೆ. "ಎಡಗೈ ಬೆಳ್ಳು ದೂರ ಇಟ್ಕ. ಕುಯ್ಕಂಡೀಯ."

ಅವಳ ಕೈ ನಿಂತಿತು. 'ಯಾಕೆ? ಯಾಕೆ ನನ್ನ ಬೆರಳಿನ ಚಿಂತೆ ಇವನಿಗೆ?'

"ಯಾಕ್ ನಿಲ್ಸ್ದೆ?" ಕೆಂಪಾಜಮ್ಮ ಗದರಿದಳು.

ಮಾಯಮ್ಮ ಮತ್ತೆ ಕತ್ತರಿಸಿದಳು. ಪೂರ್ತಿ ಕತ್ತರಿಸಿದಳು.

*

ಅದಾದ ಐದನೆಯ ದಿನ ಜಾಕಿ ಸತ್ತಿತು. ಗಾಯಕ್ಕೆ ಹುಳು ಬಿದ್ದಿತ್ತು. ಮಾಯಮ್ಮ ಒಂದೊಂದನ್ನೇ ಕಡ್ಡಿಯಲ್ಲಿ ತೆಗೆಯುತ್ತ ಕೂತಿದ್ದಳು. ಉಸಿರು ನಿಂತ ಮೇಲೂ ಸ್ವಲ್ಪ ಹೊತ್ತು ತೆಗೆಯುತ್ತಲೇ ಇದ್ದಳು.

ಹಿತ್ತಲಲ್ಲಿ ಮಣ್ಣು ಮಾಡಿ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಳು. ತಟ್ಟೆ ಬರಲಿಲ್ಲ.

"ನಾಯೀನೇ ಇಲ್ಲ, ನಾಯಿ ಬಾಚೋಳ್ಗೇನ್ ಕೆಲ್ಸ?" ಎಂದಳು ಕೆಂಪಾಜಮ್ಮ. "ಓಗ್ತಾ ಬಾಗ್ಲು ಮುಚ್ಕಂಡೋಗು."

ಯಾವ ಅನ್ನಕ್ಕಾಗಿ ಅವನ ತಲೆ ಬೋಳಿಸಿದ್ದಳೋ, ಆ ಅನ್ನ ಉಳಿದದ್ದು ಐದೇ ದಿನ!

ಬೇಲಿಯ ಹತ್ತಿರ ನಂಜಣ್ಣ ಕಾದಿದ್ದ. ಇಷ್ಟು ದಿನ ಬಾರದ ಮಾತು ಈಗ ಬಂತು. "ಅವ್ನು ಏಳಿದ್ದ ಕಣವ್ವ... ಬಿಸ್ಲಿಗೆ ಕಟ್ಬ್ಯಾಡಿ ಅಂತ ಯಜಮಾನಮ್ಮಂಗೆ ಏಳಿದ್ದ. ನಾನೇ ಕೇಳಿವ್ನಿ. ಏಳಿದ್ದೆ ಅಂದ್ರೆ ನಿನ್ನ ಆಚೆಗ್ ಆಕ್ತಾರೆ ಅಂತ, ಅವ್ನೇ ತಪ್ಪ ಮೈಮೇಲ್ ಎಳ್ಕಂಡ."

"ಆವತ್ತೇ ಯಾಕ್ ಬಾಯ್ ಬುಡ್ಲಿಲ್ಲ ನೀನು?"

"ನಂಗೂ ಹೊಟ್ಟೆ ಐತಲ್ಲವ್ವ."

ಹೊಟ್ಟೆಗಾಗಿ ಕತ್ತರಿ ಹಿಡಿದ ಮಾಯಮ್ಮನಿಗೆ ಅವನನ್ನು ಬೈಯುವ ಹಕ್ಕೂ ಉಳಿದಿರಲಿಲ್ಲ. ಮಿರ್ಲೆಯ ದಾರಿ ಹಿಡಿದಳು.

*

ಹೊಳೆ ದಾಟಿ, ಕೃಷ್ಣರಾಜನಗರದ ಹೊಸ ಬೀದಿಗಳನ್ನು ದಾಟಿ, ಕೇಳಿಕೊಂಡು ಕೇಳಿಕೊಂಡು ಮರುದಿನ ಮಧ್ಯಾಹ್ನಕ್ಕೆ ಮಿರ್ಲೆ ತಲುಪಿದಳು. ಕುರಿದೊಡ್ಡಿಯಲ್ಲಿ ಬೀರಯ್ಯ ಕೂತಿದ್ದ. ತಲೆಗೆ ವಸ್ತ್ರ ಸುತ್ತಿತ್ತು. ಅವಳನ್ನು ಕಂಡ. ಕಂಡೂ ಕೆಲಸ ನಿಲ್ಲಿಸಲಿಲ್ಲ.

ಒಂದು ಕುರಿ ಮುಗಿಯಿತು. ಎರಡು. ಏಳು. ಅವಳು ಬಿಸಿಲಲ್ಲೇ ನಿಂತಿದ್ದಳು. ಕೂರು ಎನ್ನಲಿಲ್ಲ ಅವನು, ನೀರು ಬೇಕಾ ಎನ್ನಲಿಲ್ಲ. ನಿಲ್ಲಲಿ ಎಂದೇ ನಿಲ್ಲಿಸಿದ್ದ.

"ಜಾಕಿ ಸತ್ತೋಯ್ತು" ಎಂದಳು ಕೊನೆಗೆ.

ಕತ್ತರಿ ನಿಂತಿತು. "ನಾನೇ ಕೊಂದೆ ಅದ್ನ" ಎಂದ. "ಒಂದೂ ಗಂಟಿರ್ಲಿಲ್ಲ. ವಾಪಸ್ ಓಗ್ಬೇಕಿತ್ತು ನಾನು. ಕೂಲಿ ಆಸೆಗೆ ಕತ್ತರಿ ಹಾಕ್ದೆ."

"ನಂಜಣ್ಣ ಎಲ್ಲಾನೂ ಏಳ್ದ. ನಂಗೆ ಗೊತ್ತಿರ್ಲಿಲ್ಲ..."

"ಗೊತ್ತಿದ್ರೆ ನನ್ ಜುಟ್ಟು ಕತ್ತರ್ಸ್ತಿರ್ಲಿಲ್ವಾ?"

ಇಲ್ಲ ಎನ್ನಬಹುದಿತ್ತು. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಿದ್ದಳು. ಆದರೆ ಆ ಮುಖ ನೋಡಿದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ.

"ಕತ್ತರ್ಸ್ತಿದ್ದೆ" ಎಂದಳು. ಕಣ್ಣೀರು ಧಾರೆಯಾಗಿ ಇಳಿಯಿತು. "ಹೊಟ್ಟೆ ಹಸ್ದಿತ್ತು ಕಣ್ರೀ... ಆಗ್ಲೂ ಕತ್ತರ್ಸ್ತಿದ್ದೆ. ಅಳ್ತಾ ಕತ್ತರ್ಸ್ತಿದ್ದೆ, ಅಷ್ಟೇ. ಈಗ ನಿಮ್ಮನ್ ಬಿಟ್ರೆ ಯಾರ್ ಮುಖಾನೂ ನೆಪ್ಪಾಗಲ್ಲ ನಂಗೆ. ಬೈದು ಕಳ್ಸಿ, ಓಯ್ತೀನಿ."

ಬೀರಯ್ಯ ಎದ್ದು ಬಂದ. ತಲೆಯ ವಸ್ತ್ರ ಬಿಚ್ಚಿ ಅವಳ ಮುಖ ಒರೆಸಿದ. ಅವನ ತಲೆ ಒಂದು ಕಡೆ ಮೊಂಡು, ಒಂದು ಕಡೆ ಗಾಯ. ಅವಳಿಗೆ ನೋಡಲಾಗಲಿಲ್ಲ. ಅವನು ಅವಳ ಗದ್ದ ಹಿಡಿದು ನೋಡುವಂತೆ ಮಾಡಿದ.

"ನೋಡ್ಕ. ಇಷ್ಟು ಮಾಡಿದ್ ಮೇಲೂ ನಂಗೆ ನೀನೇ ಬೇಕು ಅನ್ಸ್ತದೆ. ಇಲ್ಲೇ ಇದ್ಬುಡು."

"ಏನಾಗಿ ಇರ್ಲಿ?" ಅವಳು ಕೇಳಿದಳು. "ಕೂಲಿಯವ್ಳಾಗಾ, ಮನೆಯವ್ಳಾಗಾ? ಯಾವ್ದು ಅಂತ ಏಳಿ ಇಟ್ಕಳಿ. ಹನ್ನೆರಡು ವರ್ಷ ಆ ಮನೇಲಿದ್ದೂ ಅದೊಂದು ಗೊತ್ತಾಗ್ಲಿಲ್ಲ ನಂಗೆ."

"ಎರಡೂ ಆಗು. ಮಾಡಿದ್ ಕೆಲ್ಸಕ್ಕೆ ಕೂಲಿ ನಿನ್ ಕೈಗೆ ಕೊಡ್ತೀನಿ. ಏನೂ ಮಾಡ್ದೆ ಕುಂತ್ರೂ ಊಟ ನಿನ್ ಮುಂದಕ್ಕೆ ಬತ್ತದೆ."

ಅವಳು ಅವನ ಮುಖವನ್ನೇ ನೋಡಿದಳು, ನಂಬಲೋ ಬೇಡವೋ ಎಂದು.

"ಏನೂ ಮಾಡ್ದೆ ಕುಂತ್ರೂವಾ?"

"ಏನೂ ಮಾಡ್ದೆ ಕುಂತ್ರೂವೆ ಕಣೇ."