ಬಗ್ಗಡದ ಮೇಡಂ ಮತ್ತು ಗಾಜಿನವನು

"ಅಯ್ಯೋ, ಹಾಗೆ ತಿಕ್ಕಬೇಡಿ! ಕುತ್ತಿಗೆ ಮುರಿಯುತ್ತೆ!"

ತೊಟ್ಟಿಯ ಮುಂದೆ ನಿಂತು, ಉದ್ದ ಹಿಡಿಯ ಬ್ರಷ್ಷಿನಿಂದ ಗಾಜಿನ ಬುರುಡೆ ತೊಳೆಯುತ್ತಿದ್ದವಳು ಬೆಚ್ಚಿಬಿದ್ದಳು. ಮೊಣಕೈವರೆಗೂ ನೊರೆ. ಬಾಗಿಲಲ್ಲಿ ಯಾರೋ ಅಪರಿಚಿತ. ಅಂಗಿಯ ತೋಳು ಮಡಚಿದ್ದಾನೆ, ಕಪ್ಪು ಕನ್ನಡಕ ಹಣೆಗೇರಿದೆ.

"ಯಾರ ಕುತ್ತಿಗೆ?" ಎಂದಳು ಗದರಿಸಿ.

"ಸದ್ಯಕ್ಕೆ ಗಾಜಿಂದು."

ಅಷ್ಟರಲ್ಲಿ ಟಿಕ್ ಎಂದಿತು... ಬುರುಡೆಯ ಕುತ್ತಿಗೆಯಲ್ಲಿ ಕೂದಲೆಳೆಯಂಥ ಬಿರುಕು!

"ನಿಮ್ಮ ಕೂಗಿಗೇ ಒಡೀತು ನೋಡಿ!"

"ನನ್ನ ಕೂಗಿಗೆ ಗಾಜು ಒಡೆಯೋ ಹಾಗಿದ್ರೆ ನನ್ನ ಹೊಟ್ಟೆಪಾಡು ಏನಾಗ್ಬೇಕು ಮೇಡಂ? ಇಲ್ಲಿಗೆ ಹೊಸದಾಗಿ ಬಂದಿರೋ ಗಾಜಿನ ಕೆಲಸದವನು ನಾನು. ಕೊಡಿ ಇಲ್ಲಿ."

ಬುರುಡೆ ಕೈಯಿಂದ ಕೈಗೆ ಹೋಗುವಾಗ ಬೆರಳಿಗೆ ಬೆರಳು ತಾಗಿತು. ಕೋಪ ಇನ್ನೂ ಇಳಿದಿರಲಿಲ್ಲ. ಆದರೂ ಎದೆಯೊಳಗೆ ಯಾಕೋ ಝಲ್ಲೆಂದಿತು!

ಅವಳ ಕೆಲಸವೇ ವಿಚಿತ್ರವಾದದ್ದು. ಈ ನೆಲದ ಮೇಲೆ ಹುಲ್ಲು, ಹುಳು, ಮೀನು ಏನೂ ಇರದ ಕಾಲವೊಂದಿತ್ತಲ್ಲ... ಬರೀ ನೀರು, ಹಬೆ, ಮಿಂಚು. ಅದರಿಂದ ಜೀವ ಕಟ್ಟುವ ಮೊದಲ ಸಾಮಾನು ಹೇಗೆ ಹುಟ್ಟಿತು? ಅದನ್ನು ತಿಳಿಯಲು ಅವಳು ಗಾಜಿನ ಬುರುಡೆಯೊಳಗೆ ಆ ಕಾಲವನ್ನೇ ಪುಟ್ಟದಾಗಿ ಹೂಡುತ್ತಿದ್ದಳು. ಅಡಿಯಲ್ಲಿ ನೀರು, ಮೇಲೆ ಅಂದಿನ ಗಾಳಿಯಂಥ ಅನಿಲಗಳು, ನಡುವೆ ಎರಡು ತಂತಿಗಳಿಂದ ಚಿಟಿಚಿಟಿ ಕಿಡಿ. ದಿನಗಟ್ಟಲೆ ಕಾದರೆ ನೀರು ಕಂದಾಗಿ ಬಗ್ಗಡವಾಗಬೇಕು. ಆ ಬಗ್ಗಡದಲ್ಲಿ ಅಮೈನೋ ಆಮ್ಲಗಳು ಸಿಗಬೇಕು. ನಮ್ಮ ಮೈಯ ಮಾಂಸಖಂಡದಿಂದ ಹಿಡಿದು ಕಣ್ಣರೆಪ್ಪೆಯವರೆಗೆ ಎಲ್ಲಕ್ಕೂ ಅವೇ ಇಟ್ಟಿಗೆ.

ನೀರು ತಿಳಿಯಾಗಿ ಉಳಿದರೆ ಅಳುಮುಖ, ಕೆಟ್ಟರೆ ಕುಣಿತ! ಹಾಗಾಗಿ ಸಂಶೋಧನಾ ಸಂಸ್ಥೆಯಲ್ಲಿ ಅವಳ ಹೆಸರೇ "ಬಗ್ಗಡದ ಮೇಡಂ."

ಗಾಜಿನವನು ಒಡೆದದ್ದನ್ನು ಬೆಸೆದುಕೊಟ್ಟ. ಆಮೇಲೆ ಹೊಸ ಬುರುಡೆಯನ್ನೇ ಊದಿಕೊಟ್ಟ. ಕೆಂಪಗೆ ಕಾದ ಗಾಜು ಅವನ ಉಸಿರಿಗೆ ಮೆಲ್ಲಗೆ ಉಬ್ಬುವುದನ್ನು ನೋಡಲೆಂದೇ ಅವಳು ಕೆಳಗಿನ ಕಾರ್ಯಾಗಾರಕ್ಕೆ ಇಳಿಯತೊಡಗಿದಳು. ನೆಪಕ್ಕೆ ಮಾತ್ರ ಏನಾದರೊಂದು ನಳಿಕೆ ಕೈಯಲ್ಲಿರುತ್ತಿತ್ತು.

"ಮತ್ತೆ ಬಿರುಕಾ ಮೇಡಂ?"

"ಇಲ್ಲ... ಬಿಡಬಹುದೇನೋ ಅಂತ ಅನುಮಾನ."

"ಅನುಮಾನಕ್ಕೆ ಬೆಸುಗೆ ಹಾಕೋಕೆ ನಂಗೆ ಬರಲ್ಲ," ಎಂದು ನಗುತ್ತಿದ್ದ.

ಮನೆಯಲ್ಲಿ ಚಿಕ್ಕಮ್ಮನಿಗೆ ವಾಸನೆ ಹತ್ತಿತು. "ಏನೇ, ಮೊದಲೆಲ್ಲ ಊಟಕ್ಕೆ ಕೂತ್ರೆ ಬಗ್ಗಡದ ಮಾತು. ಈಗ ಬರೀ ಗಾಜಿನ ಮಾತು! ಒಳಗಿರೋದಕ್ಕಿಂತ ಪಾತ್ರೆನೇ ಚೆನ್ನಾಗಿದೆಯಾ?"

"ಸುಮ್ನಿರಿ ಚಿಕ್ಕಮ್ಮ!" ಕೆನ್ನೆ ಮಾತ್ರ ಸುಮ್ಮನಿರಲಿಲ್ಲ.

ಹೊಸ ಬುರುಡೆಯಲ್ಲಿ ಕಿಡಿ ಹೊತ್ತಿತು. ನೀರು ಹಳದಿಯಾಯಿತು, ಕೆಂಪಾಯಿತು, ಕೊನೆಗೊಂದು ಬೆಳಿಗ್ಗೆ ಗಟ್ಟಿ ಕಂದು! ಪರೀಕ್ಷಿಸಿದರೆ ಅಮೈನೋ ಆಮ್ಲಗಳ ಜಾತ್ರೆ. ಇಷ್ಟೊಂದು ಹಿಂದೆ ಯಾವಾಗಲೂ ಬಂದದ್ದಿಲ್ಲ.

ಅಲ್ಲಿಯೇ ಅವಳ ತಲೆಯೊಳಗೆ ಅನುಮಾನದ ಹುಳ ಹೊಕ್ಕಿತು. ಇಷ್ಟೊಂದು... ಹೇಗೆ? ಮನುಷ್ಯನ ಬೆರಳ ಬೆವರಿನಲ್ಲೂ ಇರುವುದು ಇವೇ ಆಮ್ಲಗಳು. ಬುರುಡೆಯನ್ನು ಮೇಜಿಗೆ ತಂದಿಟ್ಟದ್ದು ಅವನು. ಅದೂ ಬರಿಗೈಯಲ್ಲಿ!

ಇದನ್ನು ತಿಳಿಯಲು ಒಂದು ಪರೀಕ್ಷೆಯಿದೆ. ನಮ್ಮ ಎರಡು ಕೈಗಳ ಹಾಗೆ ಈ ಆಮ್ಲಗಳಿಗೂ ಎಡ, ಬಲ ಎಂಬ ಎರಡು ರೂಪ. ಜೀವವಿರುವ ಮೈಯಿಂದ ಬಂದರೆ ಹೆಚ್ಚುಕಡಿಮೆ ಎಲ್ಲವೂ ಎಡ. ಕಿಡಿಗೆ ತಾನಾಗಿ ಹುಟ್ಟಿದರೆ ಎರಡೂ ಸಮಸಮ. ಆದರೆ ಆ ಪರೀಕ್ಷೆ ಮಾಡುವ ಯಂತ್ರ ಕೆಟ್ಟು ಕೂತಿತ್ತು. ಬಿಡಿಭಾಗ ಬರುವವರೆಗೆ ಕಾಯಬೇಕಿತ್ತು.

ಅವಳು ಕಾಯಲಿಲ್ಲ.

ಎಲ್ಲರೂ ಸೇರಿದ್ದ ಸಭೆಯಲ್ಲಿ ಅವನನ್ನೂ ಕರೆಸಿ, "ಬುರುಡೆನ ಬರಿಗೈಲಿ ಹಿಡಿದ್ರಾ?" ಎಂದಳು.

"ಹೊರಗಡೆ ಹಿಡಿದೆ ಮೇಡಂ. ಒಳಗೆ ಬೆರಳು ಹೋಗಿಲ್ಲ. ಊದಿದ ಮೇಲೆ ಕುಲುಮೇಲಿ ಸುಟ್ಟಿದ್ದೀನಿ, ಏನಿದ್ರೂ ಉರಿದುಹೋಗಿರುತ್ತೆ."

"ಹಾಗಾದ್ರೆ ಇಷ್ಟೆಲ್ಲ ಎಲ್ಲಿಂದ ಬಂತು? ಇದು ಜೀವದ ಮೊದಲ ಸಾಮಾನಲ್ಲ. ನಿಮ್ಮ ಬೆವರು!"

ಯಾರೋ ಕಿಸಕ್ಕೆಂದು ನಕ್ಕರು. ಅವನು ನಗಲಿಲ್ಲ. ಹಣೆಯ ಕನ್ನಡಕವನ್ನು ತೆಗೆದು ಜೇಬಿಗಿಟ್ಟುಕೊಂಡು ಹೊರಟುಹೋದ. ಆ ವಾರದಲ್ಲೇ ಕೆಲಸ ಬಿಟ್ಟು, ಪಕ್ಕದ ಬೀದಿಯಲ್ಲಿ ತನ್ನದೇ ಪುಟ್ಟ ಕಾರ್ಯಾಗಾರ ಹಾಕಿಕೊಂಡನೆಂದು ಸುದ್ದಿ ಬಂತು.

ಅವಳು ಗಾಜಿನ ಸಹವಾಸವೇ ಬೇಡವೆಂದು ಪ್ಲಾಸ್ಟಿಕ್ ಪಾತ್ರೆಯಲ್ಲಿ ಅದೇ ಪ್ರಯೋಗ ಹೂಡಿದಳು. ಅದೇ ನೀರು, ಅದೇ ಅನಿಲ, ಅದೇ ಕಿಡಿ. ನೀರು ಬಣ್ಣಗೆಡಲೇ ಇಲ್ಲ. ಆಮ್ಲಗಳು ಸಿಕ್ಕಿದ್ದು ಅಲ್ಲೊಂದು ಇಲ್ಲೊಂದು.

ನೋಡಿದ್ರಾ, ಅವನ ಕೈ ತಾಗದಿದ್ರೆ ಆಮ್ಲವೂ ಇಲ್ಲ, ನಾನು ಹೇಳಿದ್ದೇ ಸರಿ... ಎಂದುಕೊಂಡಳು. ಸರಿಯಾಗಿದ್ದರೆ ಕಾಲು ಕೆಳಗಿನ ಖಾಲಿ ಕಾರ್ಯಾಗಾರಕ್ಕೇಕೆ ಇಳಿಯಬೇಕು?

ಮನೆಗೆ ಬಂದು ಅವನಿಗೆ ಕಾಗದ ಬರೆಯಲು ಕೂತಳು. 'ಎಲ್ಲರೆದುರು ಹಾಗೆ ಅಂದದ್ದು ತಪ್ಪು. ಮೆಲ್ಲಗೆ ಹೇಳಬಹುದಿತ್ತು.' ಓದಿಕೊಂಡರೆ ತನಗೇ ಹೇಸಿಗೆಯಾಯಿತು. ತಪ್ಪು ನಿನ್ನದೇ, ಹೇಳಿದ ರೀತಿ ಮಾತ್ರ ನನ್ನದು ಎನ್ನುವುದೂ ಒಂದು ಕ್ಷಮೆಯೇ? ಲಕೋಟೆಗೆ ವಿಳಾಸ ಬರೆದಳು, ಅಂಚೆಗೆ ಹಾಕಲಿಲ್ಲ. ಕಾಗದ ಚೀಲದಲ್ಲೇ ತಿಂಗಳುಗಟ್ಟಲೆ ಓಡಾಡಿ ಮೂಲೆ ಸವೆಯಿತು.

ಚಿಕ್ಕಮ್ಮ ತಡೆಯಲಾರದೆ ಕೇಳಿಬಿಟ್ಟಳು. "ಈಗ ಗಾಜಿನ ಮಾತೂ ಇಲ್ಲ, ಬಗ್ಗಡದ ಮಾತೂ ಇಲ್ಲ. ನೀನು ಯಾವುದನ್ನ ಒಡೆದುಕೊಂಡೆ ಮಗಳೇ?"

ಅವಳು ತಟ್ಟೆಯ ಮುಂದೆಯೇ ಬಿಕ್ಕಿದಳು.

ಕೊನೆಗೂ ಬಿಡಿಭಾಗ ಬಂತು, ಯಂತ್ರ ಎದ್ದಿತು. ಅವನು ಊದಿಕೊಟ್ಟ ಬುರುಡೆಯ ಬಗ್ಗಡ ಶೀತಪೆಟ್ಟಿಗೆಯಲ್ಲಿ ಹಾಗೇ ಇತ್ತು. ಒಂದು ಹನಿ ಹಾಕಿ ಪರದೆ ನೋಡುತ್ತ ನಿಂತಳು. ಒಂದು ಗೆರೆ ಮೇಲೆದ್ದಿತು. ಅದು ಎಡ. ಇನ್ನೊಂದು ಏಳಬಾರದು... ಏಳಬಾರದೇ? ಇಲ್ಲ, ಏಳಲಿ, ದೇವರೇ ಏಳಲಿ!

ಎದ್ದಿತು. ಎಡದಷ್ಟೇ ಎತ್ತರಕ್ಕೆ ಬಲ. ಎಲ್ಲ ಆಮ್ಲಗಳಲ್ಲೂ ಅದೇ, ಸಮಸಮ!

ಬೆವರಲ್ಲ. ಯಾರ ಬೆರಳೂ ಅಲ್ಲ. ಮಿಂಚಿಗೆ, ನೀರಿಗೆ ನಿಜವಾಗಿ ಹುಟ್ಟಿದ್ದು!

ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಯಾಕೆ ಹುಟ್ಟಲಿಲ್ಲ? ಎರಡರ ನಡುವೆ ಬೇರೆಯಾದದ್ದು ಪಾತ್ರೆಯೊಂದೇ. ಅವಳು ಓಡಿಹೋಗಿ ಅವನ ಬುರುಡೆಯ ಒಳಮೈಯನ್ನು ಭೂತಗನ್ನಡಿಯಲ್ಲಿ ನೋಡಿದಳು. ನುಣ್ಣಗಿದ್ದ ಗಾಜು ಸಣ್ಣಗೆ ಸವೆದಿತ್ತು. ಅನಿಲ ಬೆರೆತು ಕ್ಷಾರವಾಗಿದ್ದ ನೀರು, ಹಿಂದಿನ ಬುರುಡೆಗಳಿಗಿಂತ ಹೆಚ್ಚಾಗಿ, ಈ ಹೊಸ ಗಾಜನ್ನು ಇಷ್ಟಿಷ್ಟೇ ಕರಗಿಸಿ ತನ್ನೊಳಗೆ ಸೇರಿಸಿಕೊಂಡಿತ್ತು. ಸುಮ್ಮನೆ ಹಿಡಿದುಕೊಂಡಿದೆ ಎಂದು ತಾನು ತಿಳಿದಿದ್ದ ಗಾಜು, ತಾನೂ ಕರಗಿ ಆ ಹುಟ್ಟಿಗೆ ಕೈಜೋಡಿಸಿತ್ತು! ಮೊದಲ ನೆಲದ ಕಲ್ಲುಬಂಡೆಯೂ ಹೀಗೇ ಮಾಡಿರಬೇಕು...

ಪಕ್ಕದ ಬೀದಿಗೆ ಹೋಗುವಷ್ಟರಲ್ಲಿ ಅವಳಿಗೆ ಏದುಸಿರು. ಅವನು ಜ್ವಾಲೆಯ ಮುಂದೆ ಬಾಗಿದ್ದ.

"ಬೆವರಲ್ಲ!" ಎಂದಳು ಹೊಸ್ತಿಲಲ್ಲೇ.

ಅವನು ಜ್ವಾಲೆ ಆರಿಸಿದ. ಅವಳು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಎಡ, ಬಲ, ಪ್ಲಾಸ್ಟಿಕ್ಕು, ಸವೆದ ಗಾಜು. ಕೊನೆಗೆ ಕೈಮುಗಿದು, "ನಿಮ್ಮ ತಪ್ಪು ಒಂದಿಷ್ಟೂ ಇಲ್ಲ. ಅಂದದ್ದೂ ತಪ್ಪು, ಅಂದುಕೊಂಡದ್ದೂ ತಪ್ಪು," ಎಂದಳು.

"ಬೆವರು ಅಂದದ್ದಕ್ಕೆ ನಂಗೆ ಬೇಜಾರಿಲ್ಲ ಮೇಡಂ. ಬೆವರಿನ ಕೆಲಸಾನೇ ನಂದು." ಅವನ ದನಿ ಒಡೆದಿತ್ತು. "ಪರೀಕ್ಷೆ ಮಾಡದೆ ನೀರು ತಣ್ಣಗಿದೆ ಅಂತಲೂ ಹೇಳದವರು ನೀವು. ನನ್ನ ವಿಷಯಕ್ಕೆ ಮಾತ್ರ ಪರೀಕ್ಷೆನೇ ಬೇಡವಾಯ್ತಲ್ಲ..."

"ಹೆದರಿಕೆ ಆಗಿತ್ತು ರೀ!" ಕಣ್ಣೀರು ತಡೆಯಲಿಲ್ಲ. "ನಿಮ್ಮ ಮೇಲೆ ನನಗಿರೋ ಪ್ರೀತಿಗೆ ನನ್ನ ಕಣ್ಣು ಮಂಜಾಗಿದೆಯೇನೋ, ನಿಮ್ಮದು ಅಂತ ಎಲ್ಲಾನೂ ಒಪ್ಪಿಕೊಂಡುಬಿಡ್ತೀನೇನೋ ಅಂತ. ಅದಕ್ಕೇ ಬೇಕಂತ ಗಟ್ಟಿಯಾದೆ."

ಅವನು ಒಂದು ಹೆಜ್ಜೆ ಮುಂದೆ ಬಂದ. "ಏನಂದ್ರಿ? ಮಧ್ಯದ್ದು ಇನ್ನೊಂದ್ಸಲ ಹೇಳಿ."

"ಪ್ರೀತಿ ಅಂದೆ."

"ನಂಗೂ. ನೊರೆ ಕೈಲಿ ಗದರಿದ ದಿನದಿಂದ."

ಸಂಜೆ ಇಬ್ಬರೂ ಜೊತೆಗೆ ನಡೆದರು. ತಿರುವಿನ ಅಂಚೆಪೆಟ್ಟಿಗೆಯ ಮುಂದೆ ಅವಳು ನಿಂತು ಸವೆದ ಲಕೋಟೆ ತೆಗೆದಳು. ಅವನ ಜೇಬಿನ ಪೆನ್ನು ಇಸಿದುಕೊಂಡು, ಕಾಗದದ ಹಳೆಯ ಸಾಲುಗಳನ್ನು ಹೊಡೆದುಹಾಕಿ, ಕೆಳಗೆ ಹೊಸದಾಗಿ ಒಂದೇ ಸಾಲು ಬರೆದು ಲಕೋಟೆ ಮುಚ್ಚಿದಳು.

"ನನ್ನದೇ ವಿಳಾಸ!" ಎಂದ ಅವನು ಇಣುಕಿ. "ನಾನೇ ಇಲ್ಲಿದ್ದೀನಲ್ಲ, ಕೈಗೆ ಕೊಡಿ."

"ಊಹೂಂ. ಅಂಚೇಲೇ ಬರ್ಲಿ. ಅಷ್ಟು ಹೊತ್ತಿಗೆ ನಾನು ಯಾವುದಕ್ಕೋ ಮತ್ತೆ ಕೋಪ ಮಾಡ್ಕೊಂಡಿರ್ತೀನಿ. ಆಗ ಓದಿಕೊಳ್ಳಿ."

"ಅಂಚೆಯವರು ನಾಳೇನೇ ತಂದುಬಿಟ್ರೆ?"

"ಬೆಳಿಗ್ಗೇನೇ ಕೋಪ ಮಾಡ್ಕೋತೀನಿ ಬಿಡಿ!"

ಲಕೋಟೆ ಪೆಟ್ಟಿಗೆಯೊಳಕ್ಕೆ ಜಾರಿತು.