ಮೂಳೆ ಹಿಡಿಯದ ಸ್ಕ್ರೂಗಳು

ಆ ಜೂನ್ ತಿಂಗಳ ಮಂಗಳವಾರ ಡಾಕ್ಟರ್ ತೂರೆ ಎಕ್ಮಾನ್ ನಮ್ಮ ಮನೆಗೆ ಬಂದಾಗ ಸಿಗ್ನೆ ಲುಂಡ್ವಾಲ್ ಎರಡನೆಯ ಲೋಟ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು. ಮೂವತ್ತು ವರ್ಷ ಲೋಹ ಪರೀಕ್ಷಕಿಯಾಗಿದ್ದ ಸಿಗ್ನೆಗೆ ನಿವೃತ್ತಿಯ ನಂತರವೂ ಬಿಡುವಿರಲಿಲ್ಲ. ಗೊಥೆನ್‌ಬರ್ಗ್‌ನಲ್ಲಿ ಏನೇ ಮುರಿದರೂ ಜನ ಅವರ ಬಳಿಗೆ ತರುತ್ತಿದ್ದರು. ಮಹಡಿಯಲ್ಲಿ ಬಾಡಿಗೆಗಿದ್ದ ನಾನು ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ.

ಡಾಕ್ಟರು ಕೂರಲಿಲ್ಲ. ಜೇಬಿನಿಂದ ಬೆರಳಿನ ಉಗುರಿನಷ್ಟುದ್ದದ ಮೂರು ಟೈಟಾನಿಯಂ ಸ್ಕ್ರೂಗಳನ್ನು ತೆಗೆದು ತಟ್ಟೆಯಲ್ಲಿಟ್ಟರು.

"ಮೂರು ಜನರ ದವಡೆಯಿಂದ ತೆಗ್ದಿದ್ದು, ಸಿಗ್ನೆ. ಚಳಿಗಾಲದಲ್ಲಿ ಕೂರಿಸಿದ್ದೆ. ಈಗ ಮೇಲೆ ಹಲ್ಲು ಕಟ್ಟೋಣ ಅಂತ ಮುಟ್ಟಿದ್ರೆ ಕೈಗೇ ಬಂದ್ಬಿಟ್ವು. ಮೂಳೆ ಹಿಡಿದೇ ಇಲ್ಲ."

"ಇನ್ಯಾರಿಗಾದ್ರೂ ಹಾಕೋದಿದ್ಯಾ?"

"ನಾಳೆ ಒಬ್ರಿಗಿದೆ, ಡಗ್ನಿ ಅಂತ. ಕ್ಯಾನ್ಸರ್ ಬಂದು ಅರ್ಧ ದವಡೆ ಹೋಗಿದೆ. ಸೊಂಟದ ಮೂಳೆ ತಂದು ಕಟ್ಟಿದೀನಿ. ಇದೂ ಕೈಕೊಟ್ರೆ ಇನ್ನೊಂದ್ಸಲ ಕಟ್ಟೋಕೆ ಆಗಲ್ಲ." ಅವರ ದನಿ ತಗ್ಗಿತು. "ಸ್ಕ್ರೂ ಮಾಡೋರು ಅಲ್ಲಿ ಕೆಲಸಕ್ಕಿರೋ ಖೊಸ್ರೋ ಅನ್ನೋನ ಮೇಲೆ ತಪ್ಪು ಹೊರಿಸ್ತಿದಾರೆ. ಇವತ್ತೇ ಕೆಲಸದಿಂದ ತೆಗೀತಾರಂತೆ."

ನಾವು ಕೂಡಲೇ ಸ್ಕ್ರೂ ಕಾರ್ಖಾನೆಗೆ ಹೋದೆವು. ಅದು ಮೂರೇ ಜನರ ಕೆಲಸದ ಮನೆ. ಮೇಸ್ತ್ರಿ ಸಿಕ್ಸ್ಟನ್ ಸ್ಕ್ರೂಗಳ ಮೇಲೆ ಗಟ್ಟಿ ಪುಡಿಯನ್ನು ರಭಸವಾಗಿ ಎರಚಿ ಮೈ ಒರಟು ಮಾಡುತ್ತಿದ್ದ. ವಾಲ್ಬೋರ್ಗ್ ಅವನ್ನು ಬಿಸಿ ಆಸಿಡ್ಡಿನಲ್ಲಿ ಅದ್ದಿ, ಅಂಟಿದ ಪುಡಿ, ಎಣ್ಣೆಪಸೆ ಕಳೆದು, ಮೂಳೆ ಕಚ್ಚಿಕೊಳ್ಳುವಂಥ ಸಣ್ಣ ಸಣ್ಣ ಗುಳಿಗಳನ್ನು ಮೂಡಿಸುತ್ತಿದ್ದಳು. ಇರಾನಿನಿಂದ ಆಶ್ರಯ ಕೇಳಿ ಬಂದಿದ್ದ ಖೊಸ್ರೋ ಜನವರಿಯಲ್ಲಿ ಸೇರಿದವನು. ಗಾಜಿನ ಕೊಳವೆಗೆ ಹಾಕಿ ಮುಚ್ಚುವುದು ಅವನ ಪಾಲು.

"ಇವನು ಬಂದ್ಮೇಲೇ ಶುರುವಾಗಿದ್ದು," ಎಂದ ಸಿಕ್ಸ್ಟನ್. "ಕೈಗವಸಿನ ಪೌಡರ್ ಎಲ್ಲಾದಕ್ಕೂ ಮೆತ್ತಿದಾನೆ."

ಖೊಸ್ರೋ ಗೋಡೆಗೆ ಒರಗಿ ನಿಂತಿದ್ದ. "ಕೆಲಸ ಹೋದ್ರೆ ಇಲ್ಲಿ ಉಳ್ಕೊಳ್ಳೋಕೆ ಬೇಕಾದ ನನ್ನ ಕಾಗದ ಪತ್ರ ನಿಂತ್ಹೋಗುತ್ತೆ ಅಮ್ಮಾ," ಎಂದಷ್ಟೇ ಹೇಳಿದ.

ಸಿಗ್ನೆ ಅವನ ಕೈಗವಸು ಕೇಳಿ ತೆಗೆದುಕೊಂಡರು. ಮುಚ್ಚಿದ ಕೊಳವೆಯೊಂದನ್ನು ಒಡೆದು ಆ ಸ್ಕ್ರೂಗೂ ಅವನ ಕೈಗವಸಿಗೂ ಒಂದೊಂದು ಹನಿ ಅಯೋಡಿನ್ ಬಿಟ್ಟರು. ಕೈಗವಸು ಕಡುನೀಲಿಯಾಯಿತು. ಸ್ಕ್ರೂ ಹಾಗೇ ಇತ್ತು. ಅದನ್ನೇ ಸೂಕ್ಷ್ಮದರ್ಶಕದಡಿ ಬಹಳ ಹೊತ್ತು ನೋಡಿದರು. ಆಮೇಲೆ ಆಸಿಡ್ ಕೋಣೆಗೆ ಹೋದರು. ಅಲ್ಲಿ ಮೂಲೆಯಲ್ಲಿ ಒಂದೇ ಒಂದು ಸುಣ್ಣದ ಚೀಲವಿತ್ತು. ಅದರ ಮೇಲೆ ಡಿಸೆಂಬರ್ ತಿಂಗಳ ಮುದ್ರೆ. ಬಾಯಿಯ ಹೊಲಿಗೆ ಬಿಚ್ಚಿರಲಿಲ್ಲ. ಒಳಗೆ ಬೇಸಿಗೆಯ ಸೆಖೆ, ಆದರೂ ವಾಲ್ಬೋರ್ಗ್ ಬಲ ಮಣಿಕಟ್ಟಿಗೆ ಉಣ್ಣೆಯ ಪಟ್ಟಿ ಹಾಕಿಕೊಂಡಿದ್ದಳು.

ಮಧ್ಯಾಹ್ನ ಸಿಗ್ನೆ ಎಲ್ಲರನ್ನೂ ಊಟದ ಮೇಜಿನ ಸುತ್ತ ಕೂರಿಸಿದರು. ಡಾಕ್ಟರು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದರು.

"ಕೈಗವಸಿನ ಪೌಡರ್ ಅಂದ್ರೆ ಪಿಷ್ಟ. ಅಯೋಡಿನ್ ಬಿದ್ರೆ ನೀಲಿಯಾಗ್ಬೇಕು. ಸ್ಕ್ರೂ ಆಗ್ಲಿಲ್ಲ. ಅಲ್ಲಿಗೆ ಖೊಸ್ರೋದು ತಪ್ಪಿಲ್ಲ," ಎಂದು ಸಿಗ್ನೆ ಆರಂಭಿಸಿದರು. "ಆದ್ರೆ ಸ್ಕ್ರೂ ಮೈಯಲ್ಲಿ ಹೊಳೆಯೋ ಚೂರುಗಳು ಚುಚ್ಕೊಂಡಿವೆ. ಅದು ಸಿಕ್ಸ್ಟನ್ ಎರಚೋ ಪುಡಿ."

ಸಿಕ್ಸ್ಟನ್ ಮುಖ ಕೆಂಪಾಯಿತು. "ಅದು ಇದ್ದೇ ಇರುತ್ತೆ. ಆಸಿಡ್‌ಗೆ ಹಾಕಿದ್ಮೇಲೆ ಹೋಗುತ್ತೆ."

"ಹೌದು, ಹಾಕಿದ್ರೆ ಹೋಗುತ್ತೆ. ಹಳೇ ಆಸಿಡ್ ಚೆಲ್ಲೋ ಮುಂಚೆ ಏನು ಮಾಡ್ತೀರಿ?"

"ವಾಲ್ಬೋರ್ಗ್ ಸುಣ್ಣ ಹಾಕಿ ಅದರ ಉರಿ ಸಾಯಿಸ್ತಾಳೆ. ಪ್ರತಿ ಶುಕ್ರವಾರ."

"ಡಿಸೆಂಬರ್‌ನಲ್ಲಿ ಬಂದ ಚೀಲದ ಹೊಲಿಗೆ ಇನ್ನೂ ಬಿಚ್ಚಿಲ್ಲ. ಅಂದ್ರೆ ತಿಂಗಳುಗಟ್ಟಲೆ ಆಸಿಡ್ ಬದಲಾಗಿಲ್ಲ, ಯಾಕಂದ್ರೆ ಯಾರೂ ಅದನ್ನ ಬಳಸೇ ಇಲ್ಲ. ಆದ್ರೂ ಪ್ರತಿ ಕೊಳವೆಯ ಚೀಟಿ ಮೇಲೂ 'ಆಸಿಡ್ ಆಯಿತು' ಅಂತ ರುಜು ಇದೆ." ಸಿಗ್ನೆ ಮೆಲ್ಲಗೆ ತಿರುಗಿದರು. "ವಾಲ್ಬೋರ್ಗ್, ಆ ಉಣ್ಣೆ ಪಟ್ಟಿ ತೆಗೀತೀಯಾ?"

ವಾಲ್ಬೋರ್ಗ್ ತೆಗೆದಳು. ಮಣಿಕಟ್ಟಿನಿಂದ ಅಂಗೈವರೆಗೆ ಚರ್ಮ ಸುಟ್ಟು ಸುಕ್ಕುಗಟ್ಟಿತ್ತು.

"ಜನವರಿಯಲ್ಲಿ ಒಬ್ಳೇ ಇದ್ದೆ. ಮುಚ್ಚಳ ಜಾರ್ತು," ಎಂದಳು. "ಆಮೇಲೆ ಆ ಬಾಗಿಲವರೆಗೂ ಹೋಗಿ ವಾಪಸ್ ಬರ್ತಿದ್ದೆ. ಇವತ್ತು ಬೇಡ, ನಾಳೆ ಅದ್ದೋಣ ಅಂದ್ಕೊಂಡೆ. ಇಪ್ಪತ್ತು ವರ್ಷ ಮಾಡಿದ ಕೆಲಸ, ಹೆದರ್ತೀನಿ ಅಂತ ಹೆಂಗೆ ಹೇಳ್ಲಿ? ಬರೀ ನೀರಲ್ಲಿ ತೊಳೆದು ಮುಂದಕ್ಕೆ ಕೊಟ್ಟೆ."

"ಖೊಸ್ರೋನ್ನ ಬಯ್ಯೋವಾಗ್ಲೂ ನೀನು ಸುಮ್ನಿದ್ದೆ," ಎಂದರು ಸಿಗ್ನೆ.

ನಾಳೆಯ ಶಸ್ತ್ರಚಿಕಿತ್ಸೆ ನಿಲ್ಲಿಸಲು ಡಾಕ್ಟರು ಫೋನಿನತ್ತ ಧಾವಿಸಿದರು. ಸಿಗ್ನೆ ಅವರ ಕೈ ತಡೆದರು. "ನೀವಲ್ಲ ತೂರೆ. ಡಗ್ನಿಗೆ ಇವಳೇ ಹೇಳ್ಲಿ."

ವಾಲ್ಬೋರ್ಗ್ ನಂಬರು ತಿರುಗಿಸುವಾಗ ಎರಡು ಸಲ ತಪ್ಪಿದಳು. ಕೊನೆಗೆ ಆಸ್ಪತ್ರೆಯ ವಾರ್ಡಿನಲ್ಲಿದ್ದ ಡಗ್ನಿ ಸಿಕ್ಕಿದಳು. ಏನನ್ನೂ ಮುಚ್ಚಿಡದೆ ವಾಲ್ಬೋರ್ಗ್ ಹೇಳಿ ಮುಗಿಸಿದಳು. ಆ ಕಡೆಯಿಂದ ತೊದಲುವ, ಆದರೆ ನಮಗೆಲ್ಲ ಕೇಳಿಸುವಷ್ಟು ಗಟ್ಟಿಯಾದ ದನಿ ಬಂತು.

"ಆರು ವರ್ಷದಿಂದ ಗಂಜಿ ಕುಡೀತಿದೀನಿ. ಇನ್ನೆರಡು ತಿಂಗಳು ಕುಡೀತೀನಿ, ಬಿಡಿ. ಆದ್ರೆ ಆ ಮೂರು ಜನಕ್ಕೆ ಹೇಳಿದ್ರಾ?"

"ಇಲ್ಲ," ಎಂದಳು ವಾಲ್ಬೋರ್ಗ್.

"ಹಂಗಾದ್ರೆ ಫೋನ್ ಇಡಿ. ಅವರಿಗೆ ಮಾಡಿ."

ವಾಲ್ಬೋರ್ಗ್ ಕಣ್ಣೊರೆಸಿಕೊಂಡು ಡಾಕ್ಟರ ಕಡೆ ನೋಡಿದಳು. ಡಾಕ್ಟರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಮೊದಲ ರೋಗಿಯ ನಂಬರನ್ನು ನಿಧಾನವಾಗಿ ಓದತೊಡಗಿದರು.